ಪಟ್ಟಿ ಯಾವ ಕಣ್ಣಿಗೆ?

ಬೆಳಿಗ್ಗೆ ಏಳೂಕಾಲು. ನೆಲೋಗಿಯ ಹುಸೇನಸಾಬರ ಹೊಲದಲ್ಲಿ ಎತ್ತು ಹೂಡಿ ಅರ್ಧ ತಾಸಾಗಿತ್ತು, ತೊಗರಿ ಬೀಜ ಬುಟ್ಟಿಯಲ್ಲಿತ್ತು, ಬಿತ್ತನೆ ಮಾತ್ರ ಶುರುವಾಗಿರಲಿಲ್ಲ. ಎಲ್ಲರೂ ಐದು ವರ್ಷದ ಒಬ್ಬ ಹುಡುಗಿಯ ದಾರಿ ನೋಡುತ್ತಿದ್ದರು.

ಹುಡುಗಿಯ ಹೆಸರು ಅನುರಾಧಾ. ಅಜ್ಜಿ ಸಕ್ಕುಬಾಯಿಯ ಸೊಂಟದ ಮೇಲೆ ಕೂತು ಬದುವಿನ ಗುಂಟ ಬರುತ್ತಿದ್ದಳು. ನಡೆಯಲು ಬಾರದ ವಯಸ್ಸೇನಲ್ಲ. ಆದರೆ ಬದುವಿನ ಮೇಲೆ ಬಿಟ್ಟರೆ ಪದೇ ಪದೇ ಎಡವುತ್ತಾಳೆ ಎಂದು ಸಕ್ಕುಬಾಯಿ ಎತ್ತಿಕೊಂಡೇ ತರುತ್ತಿದ್ದಳು. ಯಾಕೆ ಎಡವುತ್ತಾಳೆ ಎಂದು ಯೋಚಿಸಿರಲಿಲ್ಲ.

ಅನುರಾಧಾಳ ಎಡಗಣ್ಣು ಮೂಗಿನ ಕಡೆಗೆ ಸರಿದಿತ್ತು. ಎರಡು ವರ್ಷ ತುಂಬುವವರೆಗೆ ಎರಡೂ ಕಣ್ಣು ನೆಟ್ಟಗಿದ್ದವು. ಆಮೇಲೆ ಮೊದಮೊದಲು ದಣಿದಾಗ ಮಾತ್ರ, ಬರಬರುತ್ತ ಇಡೀ ದಿನ, ಎಡಗಣ್ಣು ಒಳಗೆ ಹೊರಳತೊಡಗಿತು. ಊರವರು ಮೆಳ್ಳಗಣ್ಣು ಎಂದರು. ಮೂರನೆಯ ವರ್ಷದಲ್ಲಿ ಹುಡುಗಿ ಆಟಕ್ಕೆಂದು ಅಪ್ಪನ ಬಿತ್ತುವ ಕೂರಿಗೆಯ ಬಟ್ಟಲಿಗೆ ಒಂದು ಹಿಡಿ ಬೀಜ ಹಾಕಿದಳು. ಆ ವರ್ಷ ತೊಗರಿ ಆಳೆತ್ತರ ಬೆಳೆದು ಗಿಡದ ತುಂಬ ಕಾಯಿ ಹಿಡಿಯಿತು. ಅಂದಿನಿಂದ ಯಾರಾದರೂ ಮೆಳ್ಳಗಣ್ಣು ಎಂದರೆ ಸಕ್ಕುಬಾಯಿ ಅಲ್ಲಿಯೇ ತಿದ್ದುತ್ತಿದ್ದಳು: ಅದು ಲಕ್ಷ್ಮೀ ಕಣ್ಣು. ಮರುವರ್ಷ ಇಬ್ಬರು ನೆರೆಯವರು ಬಿತ್ತನೆಯ ಮೊದಲ ಹಿಡಿಗೆ ಹುಡುಗಿಯನ್ನು ಕರೆದರು. ಈ ವರ್ಷ ಐದು ಹೊಲಗಳಿಂದ ಕರೆ ಬಂದಿತ್ತು. ಹುಸೇನಸಾಬರದು ಮೂರನೆಯದು.

"ಬಾ ಬೇಟಿ, ನೀ ಕೈ ಹಚ್ಚು. ಎತ್ತು ನಿನ್ನ ಸಲುವಾಗೇ ನಿಂತಾವ," ಎಂದರು ಹುಸೇನಸಾಬರು.

ಅನುರಾಧಾ ಮುಷ್ಟಿ ತುಂಬ ಬೀಜ ತೆಗೆದುಕೊಂಡು ಕೂರಿಗೆಯ ಬಟ್ಟಲಿಗೆ ಸುರಿದಳು. ಅರ್ಧ ಒಳಗೆ ಬಿತ್ತು, ಅರ್ಧ ಪಕ್ಕದ ಮಣ್ಣಿಗೆ ಬಿತ್ತು. ಹಿಂದಿನ ಎರಡು ಹೊಲದಲ್ಲೂ ಹಾಗೇ ಆಗಿತ್ತು. ಹೊರಗೆ ಬಿದ್ದದ್ದು ಭೂಮಿತಾಯಿಯ ಪಾಲು ಎಂದು ಅಲ್ಲಿ ಹೇಳಿದ್ದನ್ನೇ ಸಕ್ಕುಬಾಯಿ ಇಲ್ಲೂ ಹೇಳಿದಳು. ನೆರೆದವರು ಹೌದೆಂದು ತಲೆಯಾಡಿಸಿದರು. ಒಬ್ಬಳು ಮಾತ್ರ ಆಡಿಸಲಿಲ್ಲ.

ಆಕೆ ಊರಿನ ಆಶಾ ಕಾರ್ಯಕರ್ತೆ ಶಿವಕಾಂತಾ. ಹುಸೇನಸಾಬರ ಸೊಸೆ ಬಸುರಿ. ಅವಳಿಗೆ ಕಬ್ಬಿಣಾಂಶದ ಮಾತ್ರೆ ಕೊಡಬೇಕಿತ್ತು. ಮನೆಯಲ್ಲಿ ಸಿಗದಿದ್ದಕ್ಕೆ ಹೊಲಕ್ಕೇ ಬಂದಿದ್ದಳು. ಮಣ್ಣಿಗೆ ಬಿದ್ದ ಬೀಜವನ್ನು ಒಂದು ಕ್ಷಣ ನೋಡಿ ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಆಟವಾಡಿಸುವಂತೆ ಅವಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಎತ್ತಿನ ಕೋಡಿಗೆ ಕಟ್ಟಿದ ಗೊಂಡೆ ಯಾವ ಬಣ್ಣದ್ದು ಎಂದು ಕೇಳಿದಳು. ಕೆಂಪು ಎಂದು ಹುಡುಗಿ ನಕ್ಕಳು. ಶಿವಕಾಂತಾ ಆ ಕೈ ತೆಗೆದು ಬಲಗಣ್ಣನ್ನು ಮುಚ್ಚಿದಳು. ಹುಡುಗಿಯ ನಗು ನಿಂತಿತು. ಅಳುತ್ತ ಎರಡೂ ಕೈಯಿಂದ ಶಿವಕಾಂತಾಳ ಕೈ ಕೀಳಲು ನೋಡಿದಳು.

"ಕೈ ತಗಿ. ಆಯಿ, ನೀ ಎಲ್ಲಿ ಅದಿ? ನಂಗ ಕಾಣವಲ್ದು."

ಆಯಿ, ಅಂದರೆ ಅಜ್ಜಿ ಸಕ್ಕುಬಾಯಿ, ಮೂರು ಮಾರು ದೂರದಲ್ಲಿ ಎದುರಿಗೇ ನಿಂತಿದ್ದಳು.

ಆಕೆಗೆ ಮೊದಲು ಬಂದದ್ದು ಸಿಟ್ಟು. ಬಿತ್ತನೆಯ ಹೊತ್ತಿನಲ್ಲಿ ಹೊಲದ ನಡುವೆ ನಿಂತು ಕೂಸಿನ ಕಣ್ಣು ಯಾಕೆ ಮುಚ್ಚುತ್ತಿ ಎಂದು ಜೋರು ಮಾಡಿದಳು. ಶಿವಕಾಂತಾ ದನಿ ಏರಿಸಲಿಲ್ಲ.

"ಕಾಕಿ, ಈ ಕಣ್ಣ ಮುಚ್ಚಿದಾಗ ನಕ್ಕಳು. ಆ ಕಣ್ಣ ಮುಚ್ಚಿದಾಗ ಅತ್ತಳು. ಯಾಕಂತ ನೀವ ಹೇಳ್ರಿ."

ಸಕ್ಕುಬಾಯಿ ಹುಡುಗಿಯನ್ನು ಎತ್ತಿಕೊಂಡು ಮನೆಯ ದಾರಿ ಹಿಡಿದಳು.

ಮನೆಯವರೆಗೂ ಶಿವಕಾಂತಾ ಜೊತೆಗೇ ನಡೆದು ಬಂದಳು. ದಾರಿಯಲ್ಲಿ ಹೇಳಿದ್ದು ಇಷ್ಟು: ಕಣ್ಣು ಆ ಕಡೆ ಈ ಕಡೆ ಹೊರಳುವುದು ಅದರ ಸುತ್ತಲಿನ ಸಣ್ಣ ಸ್ನಾಯುಗಳಿಂದ. ಚಷ್ಮಾ ಬೇಕಾದ ಕಣ್ಣಿಗೆ ಚಷ್ಮಾ ಇಲ್ಲದಿದ್ದರೂ ಕೆಲವು ಮಕ್ಕಳ ಕಣ್ಣು ಹೀಗೆ ಒಳಗೆ ಸರಿಯುತ್ತದೆ. ಎರಡು ಕಣ್ಣು ಎರಡು ದಿಕ್ಕು ನೋಡಿದರೆ ಮೆದುಳಿಗೆ ಎರಡು ಚಿತ್ರ ಬರುತ್ತವೆ. ಗೊಂದಲ ಬೇಡವೆಂದು ಅದು ಒಂದನ್ನು ಬಿಟ್ಟುಬಿಡುತ್ತದೆ. ಬಿಟ್ಟ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. ಎರಡೂ ಕಣ್ಣು ಕೂಡಿ ನೋಡದಿದ್ದರೆ ದೂರದ ಅಳತೆ ತಪ್ಪುತ್ತದೆ, ಹುಡುಗಿ ಎಡವುವುದು, ಬೀಜ ಹೊರಗೆ ಚೆಲ್ಲುವುದು ಅದಕ್ಕೇ. ಏಳೆಂಟು ವರ್ಷದೊಳಗೆ ಅದಕ್ಕೆ ಕಲಿಸುವುದು ಸುಲಭ. ಆಮೇಲೆ ವರ್ಷ ಕಳೆದಂತೆ ಕಷ್ಟವಾಗುತ್ತ ಹೋಗುತ್ತದೆ.

ಮನೆ ಮುಂದೆ ನಿಂತು ಶಿವಕಾಂತಾ ಇನ್ನೊಂದು ಮಾತು ಕೇಳಿದಳು. ಚಳಿಗಾಲದಲ್ಲಿ ಅಂಗನವಾಡಿಗೆ ತಪಾಸಣೆಗೆ ಬಂದ ಡಾಕ್ಟರು ಅನುರಾಧಾಳ ಹೆಸರಿಗೆ ಒಂದು ಚೀಟಿ ಬರೆದುಕೊಟ್ಟಿದ್ದರು, ಅದು ಎಲ್ಲಿದೆ? ಚೀಟಿ ದೇವರ ಜಗುಲಿಯ ಮೇಲೆ ಫೋಟೋದ ಹಿಂದೆ ಇತ್ತು. ಅಲ್ಲಿ ಇಟ್ಟವಳು ಸಕ್ಕುಬಾಯಿಯೇ. ಅದನ್ನು ಹೇಳುವ ಮನಸ್ಸಾಗದೆ, ಹುಡುಕಿ ನೋಡುತ್ತೇನೆ ಎಂದಳು.

ಆಕೆಗೆ ಎರಡು ಭಯವಿದ್ದವು. ಆಪರೇಷನ್ ಎಂದರೆ ಕಣ್ಣುಗುಡ್ಡೆ ತೆಗೆದು ಮತ್ತೆ ಕೂಡಿಸುತ್ತಾರೆ ಎಂಬುದು ಒಂದು. ಅದನ್ನು ಹುಡುಗಿಯ ತಾಯಿ, ಸೊಸೆ ಮಹಾನಂದಾಳಿಗೆ ಹೇಳಿದಳು. ಇನ್ನೊಂದನ್ನು ಯಾರಿಗೂ ಹೇಳಲಿಲ್ಲ: ಕಣ್ಣು ನೆಟ್ಟಗಾದರೆ ಮೊಮ್ಮಗಳನ್ನು ಮೊದಲ ಹಿಡಿಗೆ ಯಾರು ಕರೆಯುತ್ತಾರೆ?

ಸಂಜೆ ಚಹಾಪುಡಿ ತರಲು ಅಣ್ಣಾರಾಯನ ಕಿರಾಣಿ ಅಂಗಡಿಗೆ ಹೋದಳು. ಅಣ್ಣಾರಾಯನಿಗೆ ಮೂವತ್ತನಾಲ್ಕು ವರ್ಷ. ಅವನ ಬಲಗಣ್ಣು ಹೊರಗಡೆಗೆ ಹೊರಳಿತ್ತು. ಅವನು "ಏನ ಬೇಕ್ರಿ" ಎಂದು ಒಬ್ಬರನ್ನು ಕೇಳಿದರೆ ಇಬ್ಬರು ಉತ್ತರ ಕೊಡುತ್ತಿದ್ದರು. ಅಂದೂ ಹಾಗೇ ಆಯಿತು. ಸಕ್ಕುಬಾಯಿ ಚಹಾಪುಡಿ ಎಂದಳು, ಪಕ್ಕದಲ್ಲಿದ್ದವನು ಬೀಡಿ ಎಂದ. ಅಣ್ಣಾರಾಯ ಎರಡನ್ನೂ ಕೊಟ್ಟ. ಅವನಿಗೆ ರೂಢಿಯಾಗಿತ್ತು.

ಗಿರಾಕಿ ಹೋದ ಮೇಲೆ ಸಕ್ಕುಬಾಯಿ ಮೆಲ್ಲಗೆ ಕೇಳಿದಳು, ಆ ಕಣ್ಣಿನಿಂದ ಅವನಿಗೆ ಎಷ್ಟು ಕಾಣುತ್ತದೆ ಎಂದು. ಅವನನ್ನು ಹುಟ್ಟಿದಾಗಿನಿಂದ ಬಲ್ಲವಳು. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಬಾಗಲಾ ಎಲ್ಲಿ ಅದ ಅಂತ ಗೊತ್ತಾಗ್ತದ ದೊಡ್ಡವ್ವ. ಬಾಗಲದಾಗ ಯಾರ ನಿಂತಾರ ಅಂತ ಗೊತ್ತಾಗಂಗಿಲ್ಲ," ಎಂದ ಅಣ್ಣಾರಾಯ. ಆಮೇಲೆ ನಕ್ಕ. "ನಮ್ಮ ಆಯಿನೂ ಲಕ್ಷ್ಮೀ ಕಣ್ಣ ಅಂತಿದ್ದಳು. ಲಕ್ಷ್ಮಿ ಎಲ್ಲಿ ಅದಾಳ ಅಂತ ನಾನೂ ನೋಡಾಕತ್ತೇನಿ, ಒಂದ ಕಣ್ಣಲೆ."

ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವನು ಬಸ್ ಡ್ರೈವರ್ ನೌಕರಿಗೆ ಅರ್ಜಿ ಹಾಕಿದ್ದ. ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿತ್ತು, ಆದರೆ ಕಣ್ಣಿನ ಪರೀಕ್ಷೆಯಲ್ಲಿ ವಾಪಸು ಕಳಿಸಿದರು. ಅಲ್ಲಿನ ಡಾಕ್ಟರು, ಚಿಕ್ಕವನಿದ್ದಾಗ ಯಾಕೆ ತೋರಿಸಲಿಲ್ಲ ಎಂದು ಕೇಳಿದ್ದರಂತೆ. ಅದನ್ನು ಅಣ್ಣಾರಾಯ ಮನೆಗೆ ಬಂದು ಹೇಳಿರಲಿಲ್ಲ. ಹೇಳಿದರೆ ಆಯಿಗೆ ನೋವಾಗುತ್ತದೆ ಎಂದು ಸುಮ್ಮನಿದ್ದ. ಆಯಿ ತೀರಿಕೊಂಡು ಈಗ ಆರು ವರ್ಷ.

ಸಕ್ಕುಬಾಯಿ ಚಹಾಪುಡಿ ಹಿಡಿದು ಮನೆಗೆ ಬಂದಳು. ಫೋಟೋದ ಹಿಂದಿನ ಚೀಟಿ ತೆಗೆದು, ಧೂಳು ಒರೆಸಿ, ಸೊಸೆಯ ಕೈಗೆ ಕೊಟ್ಟಳು.

ಮುಂದಿನ ವಾರ ಮಹಾನಂದಾ, ಶಿವಕಾಂತಾ ಮತ್ತು ಸಕ್ಕುಬಾಯಿ ಹುಡುಗಿಯನ್ನು ಕರೆದುಕೊಂಡು ಮೊದಲ ಬಸ್ಸಿಗೆ ಜೇವರ್ಗಿಗೆ, ಅಲ್ಲಿಂದ ಕಲಬುರಗಿಗೆ ಹೋದರು. ಸರಕಾರಿ ದವಾಖಾನೆಯ ಕಣ್ಣಿನ ವಿಭಾಗದಲ್ಲಿ ಹುಡುಗಿಯ ಜೊತೆ ಇಬ್ಬರು ಮಾತ್ರ ಒಳಗೆ ಬನ್ನಿ ಎಂದರು. ಸಕ್ಕುಬಾಯಿ ರೊಟ್ಟಿ ಗಂಟು ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತಳು. ಮುಂದೆ ಆದ ತಪ್ಪಿಗೆ ಆ ಬೆಂಚೇ ಕಾರಣ ಎಂದು ಆಕೆ ಈಗಲೂ ಹೇಳುತ್ತಾಳೆ.

ಒಳಗೆ ಡಾಕ್ಟರ್ ಸುಲಭಾ ಕಣ್ಣಿಗೆ ಹನಿ ಹಾಕಿ ಪಾಪೆ ಅಗಲ ಮಾಡಿ ಪರೀಕ್ಷಿಸಿದರು. ಎರಡೂ ಕಣ್ಣಿಗೆ ಚಷ್ಮಾ ಬೇಕಿತ್ತು, ಎಡಗಣ್ಣಿಗೆ ಹೆಚ್ಚು ನಂಬರಿನದು. ಎಚ್ಚರವಿರುವಷ್ಟು ಹೊತ್ತೂ ಚಷ್ಮಾ ಹಾಕಬೇಕು. ದಿನಕ್ಕೆ ಎರಡು ತಾಸು ಬಲಗಣ್ಣಿಗೆ, ಅಂದರೆ ಚೆನ್ನಾಗಿ ಕಾಣುವ ಕಣ್ಣಿಗೆ, ಚಷ್ಮಾದ ಒಳಗೆ ಅಂಟುಪಟ್ಟಿ ಹಚ್ಚಬೇಕು. ಎರಡು ತಿಂಗಳಿಗೆ ಮತ್ತೆ ಬರಬೇಕು. ಸದ್ಯಕ್ಕೆ ಆಪರೇಷನ್ ಬೇಡ. ಚಷ್ಮಾ ಹಾಕಿದ ಮೇಲೂ ಕಣ್ಣು ಸರಿದೇ ಉಳಿದರೆ ಆಗ ವಿಚಾರ ಮಾಡೋಣ. ಅದರಲ್ಲೂ ಸ್ನಾಯುವನ್ನಷ್ಟೇ ಸರಿಪಡಿಸುತ್ತೇವೆ, ಕಣ್ಣುಗುಡ್ಡೆ ಹೊರಗೆ ತೆಗೆಯುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು.

ಹತ್ತು ದಿನಕ್ಕೆ ಗುಲಾಬಿ ಬಣ್ಣದ ಚಷ್ಮಾ ಬಂತು. ಹಾಕಿದರೆ ಎಡಗಣ್ಣು ಬಹುಮಟ್ಟಿಗೆ ನೆಟ್ಟಗೆ ನಿಲ್ಲುತ್ತಿತ್ತು, ತೆಗೆದರೆ ಮತ್ತೆ ಒಳಗೆ ಸರಿಯುತ್ತಿತ್ತು. ಅಂಗನವಾಡಿಯ ಮಕ್ಕಳು ಅನುರಾಧಾಳನ್ನು ಟೀಚರಬಾಯಿ ಎಂದು ಕರೆದರು. ಅವಳಿಗೆ ಅದು ಹಿಡಿಸಿತು.

ಪಟ್ಟಿ ಹಿಡಿಸಲಿಲ್ಲ. ಮೊದಲ ದಿನ ಮಹಾನಂದಾ ಬಲಗಣ್ಣಿಗೆ ಪಟ್ಟಿ ಹಚ್ಚಿದಳು. ಹುಡುಗಿ ಹೊಸ್ತಿಲಿಗೆ ಎಡವಿ ಬಿದ್ದು ಮೊಣಕಾಲು ತರಚಿಕೊಂಡಳು. ಮರುದಿನದಿಂದ ಮಹಾನಂದಾ ಹೊಲದ ಕೆಲಸಕ್ಕೆ ಹೋಗಬೇಕಿತ್ತು, ಬರುವುದು ಸಂಜೆ ಆರಕ್ಕೆ. ಅಂಗನವಾಡಿಯಿಂದ ಬಂದ ಹುಡುಗಿಗೆ ನಾಲ್ಕರಿಂದ ಆರರವರೆಗೆ ಪಟ್ಟಿ ಹಚ್ಚುವ ಕೆಲಸ ಸಕ್ಕುಬಾಯಿಯ ಪಾಲಿಗೆ ಬಂತು.

ಸಕ್ಕುಬಾಯಿ ಪಟ್ಟಿ ಕೈಯಲ್ಲಿ ಹಿಡಿದು ಯೋಚಿಸಿದಳು. ಎತ್ತಿನ ಯಾವ ಕಾಲಿಗೆ ಪೆಟ್ಟಾಗಿದೆಯೋ ಆ ಕಾಲಿಗೆ ಪಟ್ಟಿ ಕಟ್ಟುತ್ತಾರೆ. ಕೈ ಸುಟ್ಟರೆ ಸುಟ್ಟ ಕೈಗೆ ಕಟ್ಟುತ್ತಾರೆ. ಕೆಟ್ಟ ಕಣ್ಣು ಬಿಟ್ಟು ಒಳ್ಳೆಯ ಕಣ್ಣಿಗೆ ಯಾರು ಪಟ್ಟಿ ಕಟ್ಟುತ್ತಾರೆ? ದವಾಖಾನೆಯ ಗದ್ದಲದಲ್ಲಿ ಸೊಸೆ ಎಡ ಎಂದದ್ದನ್ನು ಬಲ ಎಂದು ಕೇಳಿಸಿಕೊಂಡಿರಬೇಕು. ಇದ್ದ ಒಂದು ಒಳ್ಳೆಯ ಕಣ್ಣೂ ಕೆಟ್ಟರೆ ಏನು ಗತಿ?

ಪಟ್ಟಿಯನ್ನು ಎಡಗಣ್ಣಿಗೆ ಹಚ್ಚಿದಳು. ಹುಡುಗಿ ಅಳಲಿಲ್ಲ, ಹೊಸ್ತಿಲಿಗೆ ಎಡವಲಿಲ್ಲ, ಹೊರಗೆ ಓಡಿ ಹೋಗಿ ಆಟವಾಡಿದಳು. ತಾನು ಮಾಡಿದ್ದೇ ಸರಿ ಎಂಬುದಕ್ಕೆ ಸಕ್ಕುಬಾಯಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆರಕ್ಕೆ ಮುಂಚೆ ಪಟ್ಟಿ ತೆಗೆದು, ಅವ್ವಗ ಹೇಳಬ್ಯಾಡ ಎಂದು ಹುಡುಗಿಯ ಕೈಗೆ ಒಂದು ಬೆಲ್ಲದ ಚೂರು ಕೊಟ್ಟಳು. ಎರಡು ತಿಂಗಳು ಹೀಗೇ ನಡೆಯಿತು.

ಎರಡನೇ ಸಲ ಕಲಬುರಗಿಗೆ ಹೋದಾಗ ಶಿವಕಾಂತಾ ಹೊರಗೆ ಕೂತಳು, ಸಕ್ಕುಬಾಯಿ ಒಳಗೆ ಹೋದಳು. ಅನುರಾಧಾ ಬಲಗಣ್ಣಿನಿಂದ ಫಲಕದ ಕೆಳಗಿನ ಸಾಲಿನವರೆಗೂ ಚಿತ್ರ ಗುರುತಿಸಿದಳು. ಎಡಗಣ್ಣಿನಿಂದ ಮೇಲಿನ ಎರಡೇ ಸಾಲು. ಚಷ್ಮಾ ಬಿಡದೆ ಹಾಕಿದ್ದಾಳೆ, ಪಟ್ಟಿ ಒಂದು ದಿನವೂ ತಪ್ಪಿಲ್ಲ ಎಂದು ಮಹಾನಂದಾ ಹೇಳಿದಳು. ಡಾಕ್ಟರ್ ಸುಲಭಾ ಹುಡುಗಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಬಿಸಿಲಲ್ಲಿ ಆಡಿ ಮುಖ ಕಪ್ಪೇರಿತ್ತು. ಪಟ್ಟಿ ಅಂಟಿದ್ದ ಜಾಗ ಮಾತ್ರ ಕೋಳಿಮೊಟ್ಟೆಯ ಆಕಾರದಲ್ಲಿ ತಿಳಿಯಾಗಿ ಉಳಿದಿತ್ತು. ಅದು ಇದ್ದದ್ದು ಎಡಗಣ್ಣಿನ ಸುತ್ತ.

"ಪಟ್ಟಿ ಯಾವ ಕಣ್ಣಿಗೆ ಹಚ್ಚಾಕತ್ತೀರಿ?" ಡಾಕ್ಟರು ಕೇಳಿದರು.

ಬಲಗಣ್ಣಿಗೆ ಎಂದಳು ಮಹಾನಂದಾ. ಅನುರಾಧಾ ಆಯಿಯ ಮುಖ ನೋಡಿದಳು. ಸಕ್ಕುಬಾಯಿ ಸೆರಗು ಸರಿಮಾಡಿಕೊಂಡಳು.

"ಆಕೀದೇನೂ ತಪ್ಪಿಲ್ರಿ. ನಾ ಎಡಕ್ಕ ಹಚ್ಚೇನಿ. ಛಲೋ ಕಣ್ಣಿಗಿ ಯಾರರೆ ಪಟ್ಟಿ ಹಚ್ತಾರೇನು ಅಂತ ತಿಳ್ಕೊಂಡಿದ್ದೆ."

ಮಹಾನಂದಾ ಅತ್ತೆಯ ಕಡೆ ತಿರುಗಿದಳು. ಡಾಕ್ಟರು ಬಯ್ಯಲಿಲ್ಲ. ಈ ತಪ್ಪು ನೀವೊಬ್ಬರೇ ಮಾಡಿಲ್ಲ ಎಂದರು. ಆಮೇಲೆ ತಿಳಿಸಿ ಹೇಳಿದರು: ಬಲಗಣ್ಣು ಚುರುಕಾಗಿರುವುದರಿಂದ ಮೆದುಳು ಎಲ್ಲ ಕೆಲಸವನ್ನೂ ಅದಕ್ಕೇ ವಹಿಸಿಬಿಟ್ಟಿದೆ. ಅದನ್ನು ಸ್ವಲ್ಪ ಹೊತ್ತು ಮುಚ್ಚಿದರೆ ಎಡಗಣ್ಣು ಅನಿವಾರ್ಯವಾಗಿ ದುಡಿಯಬೇಕಾಗುತ್ತದೆ, ದುಡಿದು ಕಲಿಯುತ್ತದೆ. ಮಗು ಅತ್ತರೆ ಆ ಕಣ್ಣು ಕೆಲಸಕ್ಕೆ ನಿಂತಿದೆ ಎಂದೇ ಅರ್ಥ. ದಿನಕ್ಕೆ ಎರಡು ತಾಸು ಮುಚ್ಚಿ, ಹೇಳಿದ ದಿನಕ್ಕೆ ತಪಾಸಣೆಗೆ ಬರುತ್ತಿದ್ದರೆ ಒಳ್ಳೆಯ ಕಣ್ಣಿನ ಬಗ್ಗೆ ಹೆದರಬೇಕಾಗಿಲ್ಲ. ಹೆಚ್ಚು ಕಡಿಮೆ ಕಂಡರೆ ತಾವು ನೋಡಿಕೊಳ್ಳುವುದಾಗಿ ಡಾಕ್ಟರು ಹೇಳಿದರು.

ಸಕ್ಕುಬಾಯಿ ಹುಡುಗಿಯ ಎಡಗಣ್ಣಿನ ಸುತ್ತಲಿನ ತಿಳಿ ಜಾಗವನ್ನು ಬೆರಳಿನಿಂದ ಸವರಿದಳು.

"ಕಳೆ ತಗಿಯೋ ಸಾಲಿನಾಗೂ ಹಂಗೇ ರಿ," ಎಂದಳು ಕೊನೆಗೆ. "ಚುರುಕಿನಾಕಿ ತನ್ನ ಸಾಲೂ ತಗದು ಬಾಜೂದಾಕಿ ಸಾಲೂ ತಗದ್ರ, ಬಾಜೂದಾಕಿ ಎಲಿ ಅಡಿಕಿ ಹಾಕ್ಕೊಂಡು ಕುಂದರ್ತಾಳ. ಚುರುಕಿನಾಕೀಗಿ ಎರಡು ತಾಸು ಮನಿಗಿ ಕಳಸಬೇಕು. ಹೌದಲ್ರಿ?"

ಡಾಕ್ಟರ್ ಸುಲಭಾ ನಕ್ಕರು. ಇನ್ನು ಮುಂದೆ ಬೇರೆಯವರಿಗೂ ಹೀಗೇ ಹೇಳುತ್ತೇನೆ ಎಂದರು. ಎರಡು ತಿಂಗಳು ಹೋಯಿತು, ಆದರೆ ಹುಡುಗಿಗೆ ಇನ್ನೂ ಐದು ವರ್ಷ, ಕಲಿಸಲು ಸಮಯವಿದೆ ಎಂದೂ ಹೇಳಿದರು. ಸಕ್ಕುಬಾಯಿ ಬಸ್ಸಿನಲ್ಲಿ ಕೂತ ಮೇಲೆ ಆ ಕೊನೆಯ ಮಾತನ್ನು ಸೊಸೆಯ ಬಾಯಿಂದ ಮತ್ತೊಮ್ಮೆ ಹೇಳಿಸಿಕೊಂಡಳು. ಮಹಾನಂದಾ ಹೇಳಿದಳು. ಅಷ್ಟರಲ್ಲಿ ಹುಡುಗಿ ಬೆಲ್ಲದ ಗುಟ್ಟನ್ನೂ ಬಿಟ್ಟುಕೊಟ್ಟಿದ್ದಳು. ಜೇವರ್ಗಿ ದಾಟಿದ ಮೇಲೆ ಮಹಾನಂದಾ ಇನ್ನೊಂದು ಮಾತು ಸೇರಿಸಿದಳು.

"ಅತ್ತಿ, ಇನ್ನ ಮ್ಯಾಲೆ ಅನುಮಾನ ಬಂದ್ರ ನಂಗ ಕೇಳ್ರಿ. ಬೆಲ್ಲಾನರೆ ಉಳೀತದ."

ಮರುದಿನ ನಾಲ್ಕು ಗಂಟೆಗೆ ಪಟ್ಟಿ ಬಲಗಣ್ಣಿಗೆ ಹತ್ತಿತು. ಹುಡುಗಿ ಅತ್ತಳು, ಕೀಳಲು ನೋಡಿದಳು. ಸಕ್ಕುಬಾಯಿಗೆ ಒಂದು ಉಪಾಯ ಹೊಳೆಯಿತು. ಮೊರದಲ್ಲಿ ತೊಗರಿ ಕಾಳಿಗೆ ಒಂದು ಹಿಡಿ ಹೆಸರುಕಾಳು ಬೆರೆಸಿ ಹುಡುಗಿಯ ಮುಂದಿಟ್ಟಳು. ಹೆಸರುಕಾಳು ಆರಿಸಿ ಬಟ್ಟಲಿಗೆ ಹಾಕಬೇಕು. ತಾನೂ ಎದುರಿಗೆ ಇನ್ನೊಂದು ಮೊರ ಹಿಡಿದು ಕೂತಳು. ಮೊದಲ ದಿನ ಹುಡುಗಿ ಕಾಳಿಗೆ ಮೂಗು ತಾಗುವಷ್ಟು ಬಗ್ಗಿ ಹನ್ನೊಂದು ಕಾಳು ಆರಿಸಿ ಮೊರ ಒದ್ದು ಎದ್ದಳು. ಸಕ್ಕುಬಾಯಿ ಚೆಲ್ಲಿದ್ದನ್ನು ಬಳಿದುಕೊಂಡು ಮರುದಿನ ಮತ್ತೆ ಇಟ್ಟಳು. ದೀಪಾವಳಿಯ ಹೊತ್ತಿಗೆ ಹುಡುಗಿ ಅರ್ಧ ತಾಸು ಕೂರುತ್ತಿದ್ದಳು. ತೊಗರಿ ರಾಶಿಯಾಗಿ ಮನೆಗೆ ಬರುವ ಹೊತ್ತಿಗೆ ನೆಟ್ಟಗೆ ಕೂತು ಆರಿಸುತ್ತಿದ್ದಳು, ಆಯಿಗಿಂತ ಬೇಗ ಮುಗಿಸಿ, ನಿಂದಿನ್ನೂ ಆಗಿಲ್ಲೇನ ಎಂದು ಕೇಳುತ್ತಿದ್ದಳು.

ಮಾರ್ಚ್ ತಿಂಗಳ ತಪಾಸಣೆಯಲ್ಲಿ ಎಡಗಣ್ಣು ಬಲಗಣ್ಣಿಗಿಂತ ಒಂದೇ ಸಾಲು ಹಿಂದಿತ್ತು. ಚಷ್ಮಾ ಹಾಕಿದಾಗ ಕಣ್ಣು ನೆಟ್ಟಗೆ ನಿಲ್ಲುತ್ತಿತ್ತು. ಆಪರೇಷನ್ ಬೇಕಾಗಲಿಲ್ಲ. ಪಟ್ಟಿಯ ಹೊತ್ತನ್ನು ನಿಧಾನವಾಗಿ ಕಡಿಮೆ ಮಾಡಿ, ಚಷ್ಮಾ ಮಾತ್ರ ಬಿಡಬೇಡಿ, ಆರು ತಿಂಗಳಿಗೊಮ್ಮೆ ತೋರಿಸಿ ಎಂದರು ಡಾಕ್ಟರು.

ಮತ್ತೆ ಜೂನ್ ಬಂತು. ಮಳೆ ಬಿದ್ದ ಮೂರನೇ ದಿನ ಹುಸೇನಸಾಬರು ಬಾಗಿಲಿಗೆ ಬಂದರು. ಸಕ್ಕುಬಾಯಿ ವರ್ಷವಿಡೀ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಮಾತು ಆಗ ಹೊರಬಿತ್ತು. ಹುಡುಗಿಯ ಕಣ್ಣು ಈಗ ಮೊದಲಿನಂತಿಲ್ಲ, ನೆಟ್ಟಗಾಗಿದೆ, ನೋಡಿಕೊಂಡು ಕರೆಯಿರಿ ಎಂದಳು.

"ಅಕ್ಕಾ, ನಾ ಕರಿಯಾಕ ಬಂದದ್ದು ಆಕಿ ಕೈಗಿ. ಕಣ್ಣ ಆಕೀದು ಆಕಿಗೇ ಇರ್ಲಿ," ಎಂದರು ಹುಸೇನಸಾಬರು.

ಈ ಸಲ ಅನುರಾಧಾ ಬದುವಿನ ಮೇಲೆ ಮುಂದೆ ಮುಂದೆ ನಡೆದಳು, ಸಕ್ಕುಬಾಯಿ ಹಿಂದಿನಿಂದ ಬಂದಳು. ಹುಡುಗಿ ಮುಷ್ಟಿ ತುಂಬ ಬೀಜ ತೆಗೆದುಕೊಂಡು ಗುಲಾಬಿ ಚಷ್ಮಾದೊಳಗಿಂದ ಕೂರಿಗೆಯ ಬಟ್ಟಲನ್ನು ನೋಡಿ ಸುರಿದಳು. ಪೂರ್ತಿ ಒಳಗೆ ಬಿತ್ತು. ಸಕ್ಕುಬಾಯಿ ಬಗ್ಗಿ ಮಣ್ಣು ನೋಡಿದಳು. ಒಂದು ಕಾಳೂ ಇರಲಿಲ್ಲ.

ಓದುತ್ತಿರುವ ನಿಮ್ಮಲ್ಲಿ ಒಂದು ಮಾತು. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಒಂದು ಮಗುವಿನ ಕಣ್ಣು ಒಳಗೆ ಅಥವಾ ಹೊರಗೆ ಸರಿದಿದ್ದರೆ ಅದನ್ನು ಅದೃಷ್ಟ ಎಂದೂ ಬಿಡಬೇಡಿ, ದೋಷ ಎಂದೂ ಮುಚ್ಚಿಡಬೇಡಿ. ಮಗು ದೊಡ್ಡದಾದರೆ ತಾನೇ ಸರಿಹೋಗುತ್ತದೆ ಎಂದು ಕಾಯಬೇಡಿ. ಹುಟ್ಟಿದ ಮೂರು ನಾಲ್ಕು ತಿಂಗಳವರೆಗೆ ಕೂಸಿನ ಕಣ್ಣು ಆಗಾಗ ಹೊರಳಬಹುದು. ಆಮೇಲೂ ಹೊರಳಿದರೆ ತೋರಿಸಿ. ಮೊದಲಿನಿಂದಲೂ ಸದಾ ಸರಿದೇ ಇದ್ದರೆ ಅಷ್ಟು ದಿನವೂ ಕಾಯಬೇಡಿ. ಪಾಪೆಯ ನಡುವೆ ಬಿಳಿ ಹೊಳಪು ಕಂಡರೆ ಅದೇ ವಾರ ಹೋಗಿ. ಕಣ್ಣಿಗೆ ಎಣ್ಣೆ, ಸೊಪ್ಪಿನ ರಸ ಹಾಕಬೇಡಿ. ಅಂಗನವಾಡಿ ಮತ್ತು ಸರಕಾರಿ ಶಾಲೆಗೆ ಬರುವ ಆರೋಗ್ಯ ತಂಡದ ತಪಾಸಣೆಗೆ ದುಡ್ಡು ಕೊಡಬೇಕಾಗಿಲ್ಲ. ಅವರು ಚೀಟಿ ಕೊಟ್ಟರೆ ಅದನ್ನು ಫೋಟೋದ ಹಿಂದೆ ಇಡದೆ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತೋರಿಸಿ. ಕೆಲವು ಮಕ್ಕಳಿಗೆ ಚಷ್ಮಾ ಸಾಕಾಗುತ್ತದೆ, ಕೆಲವರಿಗೆ ಪಟ್ಟಿಯೂ ಬೇಕು, ಕೆಲವರಿಗೆ ಆಪರೇಷನ್ ಬೇಕು. ಅದನ್ನು ಹೇಳುವವರು ಕಣ್ಣಿನ ಡಾಕ್ಟರು. ಅವರು ಹೇಳುವಾಗ ಮಗುವನ್ನು ದಿನವಿಡೀ ನೋಡಿಕೊಳ್ಳುವವರೂ ಎದುರಿಗಿರಲಿ, ಹೊರಗಿನ ಬೆಂಚಿನ ಮೇಲೆ ಬೇಡ.

ಆ ವರ್ಷ ಬಿತ್ತನೆ ಮುಗಿದ ಮೇಲೆ ಅಣ್ಣಾರಾಯನೂ ಶಿವಕಾಂತಾಳನ್ನು ಕೇಳಿಕೊಂಡು ಕಲಬುರಗಿಗೆ ಹೋದ. ಬಲಗಣ್ಣಿನ ದೃಷ್ಟಿ ಮರಳುವ ಭರವಸೆ ಕೊಡಲಾಗದು, ಕಣ್ಣನ್ನು ನೆಟ್ಟಗೆ ಮಾಡುವುದು ಈ ವಯಸ್ಸಿನಲ್ಲೂ ಸಾಧ್ಯ ಎಂದರು ಡಾಕ್ಟರ್ ಸುಲಭಾ. ಸೆಪ್ಟೆಂಬರಿನಲ್ಲಿ ಆಪರೇಷನ್ ಆಯಿತು. ಮೂರು ವಾರ ಕಣ್ಣು ಕೆಂಪಗಿತ್ತು, ಆಮೇಲೆ ತಿಳಿಯಾಯಿತು. ಈಗ ಅವನು "ಏನ ಬೇಕ್ರಿ" ಎಂದರೆ ಒಬ್ಬರೇ ಉತ್ತರ ಕೊಡುತ್ತಾರೆ.